ಹುಣಸೆ ಬೀಜದ ಅಂಟಿನಲ್ಲಿ ಎದ್ದು ನಿಂತ ಎಚ್‌ಟಿ-2

ಕೊಪ್ಪಳದ ಹತ್ತಿರದ ಕಿನ್ನಾಳದ ಮರದ ಗೊಂಬೆಗೆ ಹಾಕುವ ಕಿಟ್ಟ (ಗೋಣಿನಾರು, ಮರದ ಹೊಟ್ಟು ಕಲಸಿದ ಮುದ್ದೆ), ಹುಣಸೆ ಬೀಜದ ಅಂಟು ಮತ್ತು ಕಲ್ಲುಪುಡಿಯ ಲೇಪದಿಂದಲೇ ಎಚ್‌ಟಿ-2 ವಿಮಾನದ ಮಾದರಿ ಕಟ್ಟುತ್ತೇನೆ ಎಂದಾಗ ಒಬ್ಬರೂ ಒಪ್ಪಲಿಲ್ಲ. ಬಿರುಕು ಬಿಡುತ್ತದೆ, ಜಿರಲೆ ತಿನ್ನುತ್ತದೆ ಎಂದು ಬೆಂಗಳೂರಿನ ಗೆಳೆಯರು ಹೇಳಿದರು. ಕಿನ್ನಾಳದ ಹಿರಿಯ ಚಿತ್ರಗಾರರೊಬ್ಬರಿಗೂ ಅನುಮಾನವಿತ್ತು. "ತಮ್ಮ, ಇದು ಗೊಂಬೆಯ ಕೆಲಸ. ಇಷ್ಟು ತೆಳ್ಳಗಿನ ರೆಕ್ಕೆಗೆ ಹಾಕಿದರೆ ಸೊಟ್ಟಗಾಗುತ್ತದೆ ನೋಡು" ಎಂದರು. ಕೊಪ್ಪಳದ ನನ್ನ ಮನೆಯಲ್ಲಿ, ತಗಡಿನ ಮಾಡಿನ ಕೋಣೆಯೊಳಗೆ, ಆ ಮಾದರಿ ಬೇಸಿಗೆಯನ್ನೂ ಮಳೆಗಾಲವನ್ನೂ ದಾಟಿ ನಿಂತಿದೆ. ಕೂದಲೆಳೆಯಷ್ಟೂ ಬಿರುಕಿಲ್ಲ.

ಎಚ್‌ಟಿ-2 ಆರಿಸಿಕೊಂಡದ್ದಕ್ಕೆ ಕಾರಣವಿದೆ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಎಚ್‌ಎಎಲ್ ರೂಪಿಸಿ 1951ರಲ್ಲಿ ಮೊದಲು ಹಾರಿಸಿದ ಈ ತರಬೇತಿ ವಿಮಾನ, ಹಳೆಯ ಬ್ರಿಟಿಷ್ ವಿಮಾನ ಟೈಗರ್ ಮಾತ್‌ನಂತೆ ಬಟ್ಟೆ ಹೊದ್ದದ್ದಲ್ಲ. ಇದರ ಮೈ ಲೋಹದ್ದು. ಮಾದರಿಗಳಿಗೆ ಬಳಸುವ ಹಗುರ ಮರ ಬಾಲ್ಸಾ ಮೇಲೆ ತೆಳು ಪ್ಲಾಸ್ಟಿಕ್ ಫಿಲ್ಮ್ ಎಳೆದರೆ ಒಳಗಿನ ಪಕ್ಕೆಲುಬುಗಳು ಎದ್ದು ಕಾಣುತ್ತವೆ. ಟೈಗರ್ ಮಾತ್‌ಗೆ ಅದೇ ಅಂದ, ಎಚ್‌ಟಿ-2ಗೆ ಅದೇ ಕುಂದು. ಇದಕ್ಕೆ ಬೇಕಾದದ್ದು ಉಜ್ಜಿದರೆ ನುಣುಪಾಗುವ, ಮೇಲೆ ರಿವೆಟ್ (ತಗಡು ಜೋಡಿಸುವ ಮೊಳೆ) ತಲೆಗಳನ್ನು ಕೂರಿಸಬಹುದಾದ ಗಟ್ಟಿ ಮೈ. ಕಿನ್ನಾಳದವರು ಮೂರ್ತಿಯ ಒಡವೆಗಳನ್ನು ಉಬ್ಬು ಕೆಲಸದಲ್ಲಿ ಬರೆಯುವುದನ್ನು ನೋಡಿದ ದಿನವೇ ನನಗೆ ರಿವೆಟ್ ಸಾಲು ಕಂಡಿತ್ತು.

ಅಳತೆ ಎಂಟಕ್ಕೆ ಒಂದು. ನಿಜವಾದ ವಿಮಾನದ ರೆಕ್ಕೆಯ ಹರವು 10.72 ಮೀಟರ್, ನನ್ನದು ಸುಮಾರು 134 ಸೆಂಟಿಮೀಟರ್. ಬೆಂಗಳೂರಿನ ಎಚ್‌ಎಎಲ್ ವಸ್ತು ಸಂಗ್ರಹಾಲಯದಲ್ಲಿ ತೆಗೆದ ಫೋಟೊಗಳಿಂದ ಉಳಿದ ಅಳತೆ ಇಳಿಸಿಕೊಂಡೆ.

ದುಡ್ಡಿನ ಮಾತು ಮೊದಲೇ ಹೇಳಿಬಿಡುತ್ತೇನೆ. ಇದೇ ಗಾತ್ರಕ್ಕೆ ಬಾಲ್ಸಾ ತರಿಸಿದರೆ ಮರ ಮತ್ತು ಕೊರಿಯರ್ ಸೇರಿ ಹದಿನೈದು ಸಾವಿರದ ಆಸುಪಾಸು ಆಗುತ್ತಿತ್ತು. ಕಿನ್ನಾಳದವರು ಬಳಸುವ ಹಗುರ ಮರ, ಸ್ಪಾರ್‌ಗೆ (ರೆಕ್ಕೆಯೊಳಗಿನ ಉದ್ದ ತೊಲೆಗೆ) ಪ್ಲೈವುಡ್, ಹಳೆಯ ಪಂಚೆ, ಗೋಣಿನಾರು, ಹುಣಸೆ ಬೀಜ ಎಲ್ಲ ಸೇರಿ ಮೂರು ಸಾವಿರ ದಾಟಲಿಲ್ಲ. ಬಣ್ಣ, ಚಕ್ರ, ಮೋಟಾರು, ಆಯಸ್ಕಾಂತಗಳಿಗೆ ಇನ್ನೊಂದು ನಾಲ್ಕು ಸಾವಿರ. ಹಾಳಾದ ರೆಕ್ಕೆಗಳ ಲೆಕ್ಕ ಬೇರೆ, ಅದೂ ಎರಡು ಸಾವಿರಕ್ಕೆ ಕಡಿಮೆಯಿಲ್ಲ.

ರೆಕ್ಕೆಯೇ ಎಲ್ಲರ ಮಾತನ್ನೂ ನಿಜ ಮಾಡಲು ಹೊರಟಿತ್ತು. ಬಟ್ಟೆಗೆ ಅಂಟು ಸವರಿ ಮೇಲ್ಮೈಗೆ ಹೊದಿಸಿದರೆ, ಒಣಗುತ್ತಾ ಬಟ್ಟೆ ಬಿಗಿದು ರೆಕ್ಕೆಯ ತುದಿಯನ್ನು ಮೇಲೆಳೆಯುತ್ತದೆ. ಕೆಳಗಿನ ಮೈಗೆ ಮರುದಿನ ಹಾಕಿದರೂ ತಿರುಚಿದ್ದು ನೇರವಾಗಲಿಲ್ಲ. ಬಿಸಿಲಿಗಿಟ್ಟದ್ದಂತೂ ಹೊರಪದರ ಮೊದಲು ಒಣಗಿ, ಒಳಗೆ ಹಸಿಯಿದ್ದು, ಬೇಸಿಗೆಯ ಕೆರೆಯಂಗಳದಂತೆ ಸೀಳಿತು. ಕೊನೆಗೆ ಕೈಹಿಡಿದದ್ದು ಕುಷ್ಟಗಿಯ ಗ್ರಾನೈಟ್. ಅಡುಗೆಕಟ್ಟೆಗೆ ಹಾಕಿ ಉಳಿದ ತುಂಡು; ಅದರಷ್ಟು ಸಮತಟ್ಟಾದ ಮೇಜು ನಮ್ಮ ಕಡೆ ದುಡ್ಡು ಕೊಟ್ಟರೂ ಸಿಗದು. ಅದರ ಮೇಲೆ ಒಂದೇ ದಪ್ಪದ ಪಟ್ಟಿಗಳನ್ನಿಟ್ಟು, ಎರಡೂ ಮೈಗೆ ಒಂದೇ ಹೊತ್ತಿನಲ್ಲಿ ಬಟ್ಟೆ ಹೊದಿಸಿ, ರೆಕ್ಕೆಯನ್ನು ಪಟ್ಟಿಗಳ ಮೇಲೆ ಮಲಗಿಸಿ ಇಟ್ಟಿಗೆಯ ಭಾರ ಹೇರಿದೆ. ಕೆಳಗೂ ಗಾಳಿ ಆಡಬೇಕು, ಗುಟ್ಟು ಅಲ್ಲಿದೆ. ನೆರಳಿನಲ್ಲೇ ಇಟ್ಟು ಆಗಾಗ ಮಗ್ಗುಲು ಬದಲಿಸಿದೆ. ಚಳಿಗಾಲದ ಒಣಗಾಳಿಯಲ್ಲಿ ಮೂರ್ನಾಲ್ಕು ದಿನಕ್ಕೆ ಕಲ್ಲಿನಂತಾಯಿತು. ಸ್ಕೇಲ್ ಇಟ್ಟು ನೋಡಿದರೆ ಬೆಳಕು ತೂರುವಷ್ಟೂ ಸಂದಿಲ್ಲ.

ಅಂಟಿನ ಬಗ್ಗೆ ಒಂದು ಮಾತು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ಕುದಿಸುವುದು ಎಲ್ಲರಿಗೂ ಗೊತ್ತಿರುವ ಕ್ರಮ. ಮಳೆಗಾಲದಲ್ಲಿ ಅದಕ್ಕೆ ಬೂಷ್ಟು ಬಂತು, ಜಿರಲೆಯೂ ಬಂತು. ಪುಸ್ತಕಕ್ಕೆ ರಟ್ಟು ಕಟ್ಟುವವರು ಹಿಟ್ಟಿನ ಅಂಟಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್) ಹಾಕುತ್ತಾರಲ್ಲ, ಅದನ್ನೇ ಚಿಟಿಕೆಯಷ್ಟು ಹಾಕಿದೆ. ಎರಡೂ ತೊಲಗಿದವು. ಮೈಲುತುತ್ತು ವಿಷ, ಅಡುಗೆಮನೆಯ ಪಾತ್ರೆ ಬಳಸಬೇಡಿ. ನಡುವೆ ಮೆಂತ್ಯದ ಅಂಟು, ಮೈದಾ ಅಂಟು ಎರಡನ್ನೂ ಚೂರು ಹಲಗೆಗಳ ಮೇಲೆ ಪರೀಕ್ಷಿಸಿದೆ. ಮೈದಾ ಉಜ್ಜುವಾಗ ಪುಡಿಯಾಗಿ ಉದುರಿತು. ಮೆಂತ್ಯ ಚೆನ್ನಾಗಿ ಹಿಡಿಯಿತು, ಆದರೆ ಒಣಗಲು ವಾರ ತೆಗೆದುಕೊಂಡಿತು.

ಇನ್ನು ರಿವೆಟ್. ಈ ಅಳತೆಯಲ್ಲಿ ಒಂದು ರಿವೆಟ್ ತಲೆ ಮುಕ್ಕಾಲು ಮಿಲಿಮೀಟರಿನಷ್ಟು. ಕಲ್ಲುಪುಡಿಯ ಲೇಪವನ್ನು ಮೆಹಂದಿ ಕೋನ್‌ನಲ್ಲಿ ಹಾಕಿದರೆ ಸಾಸಿವೆ ಗಾತ್ರದ ಬೊಟ್ಟು ಬರುತ್ತದೆ. ಸಿರಿಂಜಿಗೆ ತುಂಬಿದರೆ ಕಲ್ಲುಪುಡಿ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ. ಪುಡಿಯನ್ನು ಬಟ್ಟೆಯಲ್ಲಿ ಸೋಸಿ, ಗೋಂದಿನಲ್ಲಿ ಕಲಸಿ, ಸೂಜಿಯ ಚೂಪು ತುದಿಯನ್ನು ಅರದಿಂದ ಮಟ್ಟಸ ಮಾಡಿದ ಮೇಲೆ ಸರಿಹೋಯಿತು. ಬೊಟ್ಟು ಇಟ್ಟು ಸೂಜಿ ಎತ್ತುವಾಗ ಸಣ್ಣ ಬಾಲ ಏಳುತ್ತದೆ. ಅರೆ ಒಣಗಿದಾಗ ಒದ್ದೆ ಬೆರಳಿನಿಂದ ಸವರಿದರೆ ಅದು ಕೂತು ಚಪ್ಪಟೆ ತಲೆಯಾಗುತ್ತದೆ. ಪೂರ್ತಿ ಒಣಗಿದರೆ ಬಾಲ ಮುರಿದು ಗುಳಿ ಬೀಳುತ್ತದೆ, ತೀರಾ ಹಸಿಯಿದ್ದರೆ ಸಾಲೇ ಅಳಿಸಿಹೋಗುತ್ತದೆ. ಎಷ್ಟು ಸಾವಿರ ಬೊಟ್ಟು ಇಟ್ಟೆನೋ ಎಣಿಸಲಿಲ್ಲ. ಪಕ್ಕದಿಂದ ಬೆಳಕು ಬಿದ್ದಾಗ ರೆಕ್ಕೆಯ ಸಾಲುಗಳು ಕಾಣುವ ಬಗೆ ನನಗೆ ಹೆಮ್ಮೆಯ ಸಂಗತಿ.

ಮೇಲಿನ ಬೆಳ್ಳಿ ಹೊಳಪು ಡಬ್ಬಿಯ ಬಣ್ಣದ್ದಲ್ಲ. ಅದು ಹೇಗೆ ಬಂತೆಂದು ಕೇಳಿದವರಿಗೆಲ್ಲ ಒಂದೇ ಉತ್ತರ: ಕಲಿಸಿದವರ ಅನುಮತಿಯಿಲ್ಲದೆ ಹೇಳಲಾರೆ. ಕಿಟ್ಟಕ್ಕೆ ಗೋಣಿನಾರಿನ ಪುಡಿ, ಮರದ ಹೊಟ್ಟು ಎಷ್ಟೆಷ್ಟು ಎನ್ನುವ ಲೆಕ್ಕವೂ ಹಾಗೆಯೇ.

ನನ್ನದೇ ಬದಲಾವಣೆ ಎಂದರೆ ಮೂತಿ. ಎಚ್‌ಟಿ-2ರಲ್ಲಿದ್ದ 155 ಅಶ್ವಶಕ್ತಿಯ ಸಿರಸ್ ಮೇಜರ್ ಎಂಜಿನ್ನಿನ ನಾಲ್ಕು ಸಿಲಿಂಡರ್‌ಗಳು ಒಂದೇ ಸಾಲಿನಲ್ಲಿ ತಲೆಕೆಳಗಾಗಿ ನಿಂತಿರುತ್ತವೆ. ಹಾಗಾಗಿ ಮೂತಿ ಸಪೂರ, ಪ್ರೊಪೆಲ್ಲರ್ ಮೇಲ್ಭಾಗದಲ್ಲಿ. ಮುಂದೆ ಕೆಲವು ವಿಮಾನಗಳಿಗೆ ಲೈಕಮಿಂಗ್ ಎಂಜಿನ್ ಹಾಕಿದರು. ಅದರ ಸಿಲಿಂಡರ್‌ಗಳು ಎಡಬಲಕ್ಕೆ ಚಾಚಿಕೊಂಡಿರುತ್ತವೆ. ನಾನು ಎರಡೂ ಮೂತಿ ಮಾಡಿದ್ದೇನೆ. ಆಯಸ್ಕಾಂತದಿಂದ ಹಿಡಿಸಿದ್ದರಿಂದ ಕ್ಷಣದಲ್ಲಿ ಬದಲಿಸಬಹುದು. ಪೈಲಟ್ ಕೂರುವ ಜಾಗದ ಗಾಜಿನ ಮುಚ್ಚಿಗೆಗೆ ತಂಪು ಪಾನೀಯದ ದೊಡ್ಡ ಬಾಟಲಿ: ಮರದ ಅಚ್ಚನ್ನು ಒಳಗೆ ತೂರಿಸಿ ಹೀಟ್ ಗನ್ ಹಿಡಿದರೆ ಅಪ್ಪಿಕೊಳ್ಳುತ್ತದೆ. ಗೆಳೆಯರೊಬ್ಬರು ಅದರ ಚೌಕಟ್ಟನ್ನು ಪಿಎಲ್‌ಎ ಪ್ಲಾಸ್ಟಿಕ್‌ನಲ್ಲಿ 3ಡಿ ಮುದ್ರಣ ಮಾಡಿ ಕಳುಹಿಸಿದ್ದರು. ಅದು ಅರವತ್ತು ಡಿಗ್ರಿಗೆ ಮೆತ್ತಗಾಗುವ ವಸ್ತು; ಏಪ್ರಿಲ್ ಮಧ್ಯಾಹ್ನ ನಿಲ್ಲಿಸಿದ್ದ ಕಾರಿನೊಳಗೇ ಬಾಗಿತು. ತಗಡಿನ ಪಟ್ಟಿ ಕತ್ತರಿಸಿ ಹಾಕಿದೆ.

ಒಟ್ಟು ತೂಕ ಎರಡೂವರೆ ಕಿಲೋ ಸುತ್ತಮುತ್ತ. ಹಾರಿಸುವ ಮಾದರಿಗೆ ಇದು ಭಾರ, ಪ್ರದರ್ಶನದ ಮಾದರಿಗೆ ಏನೇನೂ ಅಲ್ಲ. ಮುಗಿಸಿ ಕಿನ್ನಾಳಕ್ಕೆ ಒಯ್ದಾಗ ಆ ಹಿರಿಯರು ರೆಕ್ಕೆಯ ತುದಿಯನ್ನು ಹಿಡಿದು, ಕಣ್ಣಿನ ಮಟ್ಟಕ್ಕೆ ಎತ್ತಿ, ಸೊಟ್ಟವನ್ನು ಹುಡುಕಿದರು. "ಕಾಕಾ, ಸಿಕ್ಕಿತೇ?" ಎಂದೆ. ಸಿಗಲಿಲ್ಲ. ಮುಂದಿನ ಮಾದರಿ, ಎಚ್‌ಎಎಲ್‌ನದೇ ಇನ್ನೊಂದು ತರಬೇತಿ ವಿಮಾನ ಎಚ್‌ಪಿಟಿ-32ಕ್ಕೆ ಮರ ಕೆತ್ತಿಕೊಡಲು ಒಪ್ಪಿದ್ದಾರೆ, ಕೂಲಿ ಮುಂಗಡವಾಗಿ ಕೊಟ್ಟು ಬಂದಿದ್ದೇನೆ.