ಪರಾತದಲ್ಲಿ ಉರುಳಿಸಿದ ಚಾಕೊಲೇಟ್ ಬಾದಾಮಿ: ನನ್ನ ಅನುಭವ

ಬಾದಾಮಿಗೆ ಚಾಕೊಲೇಟ್ ಹೊದಿಸಲು ಎರಡು ದಾರಿಗಳಿವೆ. ಒಂದೊಂದೇ ಬೀಜವನ್ನು ಎತ್ತಿ, ಕರಗಿದ ಚಾಕೊಲೇಟಿನಲ್ಲಿ ಅದ್ದಿ, ಬಟರ್ ಪೇಪರ್ ಮೇಲೆ ಸಾಲಾಗಿ ಇಡುವುದು ಮೊದಲನೆಯದು. ವಿಡಿಯೊಗಳಲ್ಲಿ ಹೆಚ್ಚಾಗಿ ತೋರಿಸುವುದು ಇದನ್ನೇ. ಕಾಲು ಕಿಲೋ ಮುಗಿಯುವಷ್ಟರಲ್ಲಿ ಬೆನ್ನು ಹಿಡಿದುಕೊಳ್ಳುತ್ತದೆ, ಪ್ರತಿ ಬೀಜದ ಬುಡದಲ್ಲಿ ಚಪ್ಪಟೆ ಅಂಚು ಬೇರೆ. ಎರಡನೆಯದು ಬೀಜಗಳನ್ನೆಲ್ಲ ಒಟ್ಟಿಗೆ ಅಗಲವಾದ ಪಾತ್ರೆಗೆ ಹಾಕಿ, ಚಾಕೊಲೇಟನ್ನು ಚಮಚ ಚಮಚವಾಗಿ ಸುರಿಯುತ್ತ ಉರುಳಿಸುವುದು. ಕಾರ್ಖಾನೆಗಳಲ್ಲಿ ತಿರುಗುವ ದೊಡ್ಡ ಪಾತ್ರೆಗಳು ಮಾಡುವ ಕೆಲಸವಿದು. ಮನೆಯಲ್ಲಿ ಒಂದು ಪರಾತ, ಎರಡು ಕೈ ಸಾಕು.

ಧಾರವಾಡದ ಕಡೆ ಸಂಕ್ರಾಂತಿಯ ಕುಸುರೆಳ್ಳು ಮಾಡುವುದನ್ನು ನೋಡಿ ಬೆಳೆದವರಿಗೆ ಈ ಉರುಳಿಸುವ ಕೆಲಸವನ್ನು ಯಾರೂ ಕಲಿಸಬೇಕಿಲ್ಲ. ಎಳ್ಳಿಗೆ ಒಂದು ಚಮಚ ಪಾಕ, ಅದು ಒಣಗುವವರೆಗೆ ಬೆರಳಾಡಿಸುವುದು, ಮತ್ತೆ ಒಂದು ಚಮಚ. ನಮ್ಮ ಅವ್ವ ಹೇಳುತ್ತಿದ್ದುದು ಒಂದೇ ಮಾತು: "ಪಾಕ ಹಾಕುವುದಕ್ಕೆ ಅವಸರ ಮಾಡಬೇಡ, ಕೈ ನಿಲ್ಲಿಸಬೇಡ." ಚಾಕೊಲೇಟಿಗೂ ಇದೇ ಸೂತ್ರ. ವ್ಯತ್ಯಾಸ ಇರುವುದು ಕಾವಿನಲ್ಲಿ. ಪಾಕದ ನೀರು ಆರಿ ಸಕ್ಕರೆ ಹರಳಾಗಬೇಕಾದರೆ ಕೆಳಗೆ ಬೆಂಕಿ ಬೇಕು. ಚಾಕೊಲೇಟಿನಲ್ಲಿ ಆರಬೇಕಾದ ನೀರೇ ಇಲ್ಲ. ಅದರ ಕೊಬ್ಬು ತಣ್ಣಗಾಗಿ ಬಿಗಿಯಬೇಕು, ಹಾಗಾಗಿ ಇಲ್ಲಿ ಬೇಕಾಗಿರುವುದು ತಂಪು.

ಆ ತಂಪನ್ನು ಹೊಂದಿಸುವುದೇ ನನಗೆ ದೊಡ್ಡ ಕೆಲಸ. ನಾನಿರುವುದು ಪುತ್ತೂರಿನಲ್ಲಿ. ಅಡಿಕೆ ತೋಟಗಳ ನೆರಳಿನಲ್ಲಿ ಕೋಕೋ ಬೆಳೆಯುವ ಸೀಮೆ. ಕ್ಯಾಂಪ್ಕೋ ಸಂಸ್ಥೆಯ ಚಾಕೊಲೇಟ್ ಕಾರ್ಖಾನೆ 1986ರಿಂದ ಇಲ್ಲಿದೆ. ಆದರೆ ಕೋಕೋ ಬೆಳೆಯುವ ಹವೆ ಬೇರೆ, ಚಾಕೊಲೇಟ್ ಬಿಗಿಯುವ ಹವೆ ಬೇರೆ. ಕೋಕೋ ಬೆಣ್ಣೆ 34 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ. ನಮ್ಮ ಅಡುಗೆಮನೆ ಮಧ್ಯಾಹ್ನದ ಹೊತ್ತಿಗೆ ಅದಕ್ಕಿಂತ ಹೆಚ್ಚು ದೂರ ಇರುವುದಿಲ್ಲ. ಆದ್ದರಿಂದ ಕರಗಿಸುವುದು ಮಾತ್ರ ಅಡುಗೆಮನೆಯಲ್ಲಿ, ಉರುಳಿಸುವುದು ಎ.ಸಿ. ಇರುವ ಮಲಗುವ ಕೋಣೆಯಲ್ಲಿ, 20ರಿಂದ 22 ಡಿಗ್ರಿಗೆ ಇಟ್ಟು. ಎ.ಸಿ. ಗಾಳಿಯ ತೇವವನ್ನೂ ಹೀರುತ್ತದೆ, ಕರಾವಳಿಯಲ್ಲಿ ಅದು ಸಣ್ಣ ಲಾಭವಲ್ಲ. ಮನೆಯವರ ಗೊಣಗಾಟಕ್ಕೆ ಮೊದಲ ಹಿಡಿ ಬಾದಾಮಿಯೇ ಮದ್ದು.

ಚಾಕೊಲೇಟ್ ಕೊಳ್ಳುವಾಗ ಪೊಟ್ಟಣದ ಹಿಂಬದಿ ಓದಿ. ಕೋಕೋ ಬೆಣ್ಣೆಯ ಬದಲು ಬೇರೆ ಸಸ್ಯಜನ್ಯ ಕೊಬ್ಬು ಹಾಕಿದ್ದರೆ ಅದು ಕಾಂಪೌಂಡ್. ಅಗ್ಗ, ಹದ ನೋಡಬೇಕಿಲ್ಲ, ಸೆಖೆಗೂ ಅಷ್ಟು ಬೇಗ ಸೋಲುವುದಿಲ್ಲ. ಆದರೆ ತಿಂದ ಮೇಲೆ ಅಂಗುಳಿನಲ್ಲಿ ಮೇಣದಂಥ ಜಿಡ್ಡು ಉಳಿಯುತ್ತದೆ. ಒಳ್ಳೆಯ ಬಾದಾಮಿಗೆ ದುಡ್ಡು ಕೊಟ್ಟು ಮೇಲೆ ಅದನ್ನು ಬಳಿಯಲು ನನಗೆ ಮನಸ್ಸು ಬರುವುದಿಲ್ಲ.

250 ಗ್ರಾಂ ಬಾದಾಮಿಗೆ ಅಷ್ಟೇ ತೂಕದ ಡಾರ್ಕ್ ಚಾಕೊಲೇಟ್ ಹಿಡಿಯುತ್ತದೆ. ಬಾದಾಮಿಯನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿಯಬೇಕು. ಸಿಪ್ಪೆಯ ಬಣ್ಣ ನೋಡಿ ತೀರ್ಮಾನಿಸಬೇಡಿ. ಒಂದನ್ನು ಅಡ್ಡಲಾಗಿ ಕತ್ತರಿಸಿ, ಒಳಗೆ ಗೋಧಿಯ ಬಣ್ಣ ಬಂದಿದ್ದರೆ ಇಳಿಸಿ. ಅದು ಪೂರ್ತಿ ಆರಬೇಕು. ನಡುವೆ ಬಿಸಿ ಉಳಿದ ಬೀಜ ಚಾಕೊಲೇಟನ್ನು ಒಳಗಿನಿಂದಲೇ ಸಡಿಲಿಸುತ್ತದೆ. ಗೋಡಂಬಿಯೂ ಆಗುತ್ತದೆ, ಆದರೆ ಇಡಿಯದೇ ಬೇಕು. ಅಗ್ಗವೆಂದು ಹೋಳು ತಂದರೆ ಚಪ್ಪಟೆ ಮೈಗಳು ಒಂದಕ್ಕೊಂದು ಅಂಟಿಕೊಂಡು ಬಿಡಿಸಲು ಬರುವುದಿಲ್ಲ.

ಚಾಕೊಲೇಟಿನ ಮುಕ್ಕಾಲು ಭಾಗವನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟ ಬಟ್ಟಲಿನಲ್ಲಿ 45 ಡಿಗ್ರಿಯವರೆಗೆ ಕರಗಿಸಿ, ಕೆಳಗಿಳಿಸಿ, ಬಟ್ಟಲಿನ ತಳ ಒರೆಸುತ್ತೇನೆ. ಒಂದೆರಡು ಹನಿ ನೀರು ಒಳಗೆ ಬಿದ್ದರೂ ಚಾಕೊಲೇಟ್ ಗಂಟುಗಟ್ಟುತ್ತದೆ. ಉಳಿದ ಕಾಲು ಭಾಗವನ್ನು ಸಣ್ಣಗೆ ತುರಿದು ಬೆರೆಸಿ, 31–32 ಡಿಗ್ರಿಗೆ ಇಳಿಯುವವರೆಗೆ ಕಲಕುತ್ತಿರಬೇಕು. ಗಟ್ಟಿ ಚಾಕೊಲೇಟಿನಲ್ಲಿರುವ ಸರಿಯಾದ ಹರಳುಗಳು ಕರಗಿದ್ದಕ್ಕೆ ಹೆಪ್ಪಾಗುತ್ತವೆ. ಚಾಕುವಿನ ತುದಿಗೆ ಹಚ್ಚಿದ್ದು ಐದು ನಿಮಿಷದೊಳಗೆ ಹೊಳಪಿನಿಂದ ಬಿಗಿದರೆ ಹದ ಬಂದಿದೆ. ಉರುಳಿಸುವಾಗ ಹದ ಕೂದಲೆಳೆಯಷ್ಟು ಆಚೀಚೆಯಾದರೂ ನಡೆಯುತ್ತದೆ, ಅದ್ದುವಾಗ ಅದೂ ಬೂದು ಗೆರೆಯಾಗಿ ಎದ್ದು ಕಾಣುತ್ತದೆ.

ಈಗ ಪರಾತಕ್ಕೆ ಬಾದಾಮಿ, ಅದರ ಮೇಲೆ ಎರಡೇ ಚಮಚ ಚಾಕೊಲೇಟ್. ಉಪ್ಪು ಇಷ್ಟವಿದ್ದವರು ನುಣ್ಣಗೆ ಪುಡಿ ಮಾಡಿದ ಉಪ್ಪನ್ನು ಈ ಮೊದಲ ಪದರದಲ್ಲೇ ಚಿಮುಕಿಸಬಹುದು. ಕೈಯಾಡಿಸಿದರೆ ಮೊದಲು ಎಲ್ಲವೂ ಒದ್ದೆಯಾಗಿ ಮಿನುಗುತ್ತವೆ. ಆಮೇಲೆ ಕೈ ಭಾರವಾಗುತ್ತದೆ, ಬೀಜಗಳು ಮುದ್ದೆಗಟ್ಟುತ್ತವೆ, ಕೆಲಸ ಕೆಟ್ಟಿತೆಂದೇ ಅನ್ನಿಸುತ್ತದೆ. ಇನ್ನೂ ಸ್ವಲ್ಪ ಹೊತ್ತು ಬಿಡದೆ ಕಲಕಿ. ಮುದ್ದೆ ಸಡಿಲಗೊಂಡು ಮಿನುಗು ಮಂಕಾಗುತ್ತದೆ, ಒಂದೊಂದೇ ಬೀಜ ಕಳಚಿಕೊಂಡು ಪರಾತಕ್ಕೆ ಬಡಿದು ಟಕಟಕ ಸದ್ದು ಮಾಡುತ್ತದೆ. ಆ ಸದ್ದು ಬಂದ ಮೇಲೆಯೇ ಮುಂದಿನ ಎರಡು ಚಮಚ. ಜೋಡಿಯಾಗಿ ಅಂಟಿಕೊಂಡವನ್ನು ಆಗಿಂದಾಗಲೇ ಬೆರಳಿನಿಂದ ಬಿಡಿಸಿ. ಎರಡು ಪದರ ದಾಟಿದರೆ ಅವು ಅವಳಿಗಳೇ. ಬಟ್ಟಲಿನ ಚಾಕೊಲೇಟ್ ಗಟ್ಟಿಯಾಗುತ್ತ ಬಂದರೆ ಉಗುರುಬೆಚ್ಚಗಿನ ನೀರಿನ ಮೇಲೆ ಕ್ಷಣಕಾಲ ಹಿಡಿಯಬೇಕು, ಹೆಚ್ಚಲ್ಲ. ಕೊನೆಯ ಪದರ ಪೂರ್ತಿ ಬಿಗಿಯುವ ಮೊದಲು ಕೋಕೋ ಪುಡಿ ಉದುರಿಸಿ, ಆರಿದ ಮೇಲೆ ಜರಡಿ ಹಿಡಿಯುತ್ತೇನೆ.

ಅಂಗಡಿಯದರಂತೆ ಇದು ಯಾಕೆ ಹೊಳೆಯುವುದಿಲ್ಲ ಎಂದು ನೆರೆಮನೆಯ ಅಕ್ಕ ಕೇಳಿದ್ದರು. ಆ ಹೊಳಪು ಬಹುಮಟ್ಟಿಗೆ ಚಾಕೊಲೇಟಿನದಲ್ಲ, ಮೇಲಿನ ಲೇಪದ್ದು. ಪೊಟ್ಟಣದ ಮೇಲೆ 904 ಎಂದಿದ್ದರೆ ಅದು ಶೆಲಾಕ್, ಅರಗಿನ ಕೀಟದಿಂದ ಬಂದದ್ದು. ಅಕ್ಕನ ಮನೆಯಲ್ಲಿ ಈಗ ಕೋಕೋ ಪುಡಿಯೇ ಚೆಂದ.

ಗಾಳಿಯಾಡದ ಡಬ್ಬಿಯಲ್ಲಿ ತಂಪು ಜಾಗದಲ್ಲಿಟ್ಟರೆ ಮೂರು ವಾರ ಚೆನ್ನಾಗಿಯೇ ಇರುತ್ತದೆ. ಆಮೇಲೆ ಬೀಜದ ಎಣ್ಣೆ ಹೊರಗೆ ಒಸರಿ ಚಾಕೊಲೇಟನ್ನು ಮೆತ್ತಗಾಗಿಸುತ್ತದೆ. ಫ್ರಿಜ್‌ನಲ್ಲಿ ಇಡಲೇಬೇಕಾದರೆ ಡಬ್ಬಿಯನ್ನು ಹೊರತೆಗೆದ ಕೂಡಲೇ ಮುಚ್ಚಳ ತೆರೆಯಬೇಡಿ. ತಣ್ಣನೆಯ ಮೈಮೇಲೆ ಹವೆಯ ನೀರು ಕೂತು ಸಕ್ಕರೆ ಕರಗುತ್ತದೆ, ಒಣಗಿದಾಗ ಒರಟಾದ ಬಿಳಿ ಕಲೆಯಾಗುತ್ತದೆ. ಬೆರಳಿನಿಂದ ಉಜ್ಜಿದಾಗ ಕರಗಿ ಮಾಯವಾಗುವ ಬಿಳುಪು ಕೊಬ್ಬಿನದು. ಉಜ್ಜಿದರೂ ಒರಟಾಗಿಯೇ ಉಳಿಯುವುದು ಸಕ್ಕರೆಯದು. ಎರಡೂ ಬೂಷ್ಟಲ್ಲ, ತಿನ್ನಬಹುದು. ಡಿಸೆಂಬರಿನಲ್ಲಿ ಧಾರವಾಡಕ್ಕೆ ಹೋಗುವಾಗ ರಾತ್ರಿ ಬಸ್ಸಿಗೆ ಡಬ್ಬಿ ಹಿಡಿದುಕೊಂಡೇ ಹತ್ತುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ಮಾತ್ರ ಯಾರು ಕೇಳಿದರೂ ಚಾಕೊಲೇಟ್ ಇಲ್ಲ, ಹುರಿದ ಬಾದಾಮಿ ಮಾತ್ರ.