ಶನಿವಾರದ ಹತ್ತು ನಿಮಿಷ

ಮುಳಬಾಗಿಲು ಕಡೆಯ ಒಂದು ಹಳ್ಳಿಯ ಹಾಲಿನ ಡೈರಿಗೆ ನಾನು ಸೆಕ್ರೆಟರಿ. ಮೊದಲೆಲ್ಲ ಬೇಸಿಗೆ ಬಂತೆಂದರೆ ಎದೆ ಡವಡವ. ಸಂಜೆ ಕಳಿಸಿದ ಕ್ಯಾನ್‌ಗಳಲ್ಲಿ ಒಂದೋ ಎರಡೋ ಹುಳಿಯಾಗಿದೆ ಅಂತ ವಾಪಸ್ ಬರುತ್ತಿದ್ದವು. ಕೇಳಿದರೆ ಎಲ್ಲರದೂ ಒಂದೇ ಮಾತು, 'ನಮ್ಮ ಹಾಲಲ್ಲ'. ನಷ್ಟ ಮಾತ್ರ ಸಂಘದ್ದು.

ತರಬೇತಿ ಕೊಡಿಸಿರಲಿಲ್ಲ ಅಂತಲ್ಲ. ಬ್ಯಾನರ್ ಕಟ್ಟಿ, ಒಂದು ದಿನ ಪೂರ್ತಿ ಶುದ್ಧ ಹಾಲಿನ ಬಗ್ಗೆ ಹೇಳಿಸಿದ್ದೆವು. ಚಿತ್ರಾನ್ನ ತಿಂದು, ಫೋಟೊ ತೆಗೆಸಿಕೊಂಡು ಹೋದರು. ವಾರದಲ್ಲಿ ಮರೆತರು. ನಾನೂ ಮರೆತೆ, ಸುಳ್ಳು ಯಾಕೆ ಹೇಳಲಿ.

ಆಮೇಲೆ ಪ್ರತಿ ಶನಿವಾರ ಸಂಜೆ, ಹಾಲು ಹಾಕಲು ಸಾಲಲ್ಲಿ ನಿಂತವರಿಗೇ ಹತ್ತು ನಿಮಿಷ ಹೇಳತೊಡಗಿದೆ. ವಾರಕ್ಕೆ ಒಂದೇ ವಿಷಯ.

ಮೊದಲ ವಾರ ನಮ್ಮ ಹಸುವಿನ ಹಾಲನ್ನೇ ಮಧ್ಯಾಹ್ನ ಎರಡು ಪಾತ್ರೆಗೆ ಹಾಕಿಟ್ಟೆ. ಒಂದು ಬಿಸಿನೀರಲ್ಲಿ ತೊಳೆದದ್ದು, ಇನ್ನೊಂದು ಸುಮ್ನೆ ನೀರಾಡಿಸಿದ್ದು. ಸಂಜೆ ಎರಡರಿಂದಲೂ 10 ಮಿಲಿ ಗಾಜಿನ ಕೊಳವೆಗೆ ತೆಗೆದು, 1 ಮಿಲಿ ಮೆಥಿಲೀನ್ ಬ್ಲೂ ಅನ್ನೋ ನೀಲಿ ಬಣ್ಣದ ದ್ರಾವಣ ಬೆರೆಸಿ, ಬೆಚ್ಚಗಿನ ನೀರಲ್ಲಿ ನಿಲ್ಲಿಸಿದೆ. ಬ್ಯಾಕ್ಟೀರಿಯಾ ಜಾಸ್ತಿ ಇದ್ದಷ್ಟೂ ನೀಲಿ ಬೇಗ ಹೋಗುತ್ತದೆ. ಅರ್ಧ ಗಂಟೆಯಲ್ಲಿ ಕೊಳಕು ಪಾತ್ರೆಯದು ಬೆಳ್ಳಗಾಯಿತು, ಇನ್ನೊಂದು ನೀಲಿಯಾಗೇ ಇತ್ತು. ಸಾಲಲ್ಲಿ ಒಬ್ಬರೂ ಮಾತಾಡಲಿಲ್ಲ. ಕೆಲವರು ತಮ್ಮ ಕ್ಯಾನಿನ ಮುಚ್ಚಳ ತೆಗೆದು ಮೂಸಿ ನೋಡಿಕೊಂಡರು!

ಮುಂದಿನ ವಾರಗಳಲ್ಲಿ ಸಣ್ಣಪುಟ್ಟವು. ಮೊದಲ ನಾಲ್ಕು ಧಾರೆ ಬೇರೆ ಬಟ್ಟಲಿಗೆ ಹಿಂಡಿ, ಗರಣೆ, ಅಂದರೆ ಹಾಲಲ್ಲಿ ಗಟ್ಟಿ ತುಣುಕು, ಇದೆಯಾ ನೋಡುವುದು. ಹಾಲು ಕರೆದ ಮೇಲೆ ಮೊಲೆಯ ತೂತು ಅರ್ಧ ಗಂಟೆಯವರೆಗೂ ತೆರೆದೇ ಇರುತ್ತದೆ. ಆಗ ಹಸು ಸಗಣಿಯಲ್ಲಿ ಮಲಗಿದರೆ ಕೆಚ್ಚಲು ಬಾವು ಬರಬಹುದು. ಅದಕ್ಕೇ ಮುಂದೆ ಮೇವು ಹಾಕಿ ನಿಲ್ಲಿಸಬೇಕು.

ಪಾಠ ಹೇಳುತ್ತಿದ್ದ ನಾನೇ ಒಂದು ಸಲ ಸಿಕ್ಕಿಬಿದ್ದೆ. ಅವತ್ತು ಹಾಲು ಪರೀಕ್ಷೆ ಮಾಡೋ ಮಿಷಿನ್ ಕೆಟ್ಟಿತ್ತು. ಹಾಲಲ್ಲಿ ತೇಲಿಬಿಟ್ಟು ಗಟ್ಟಿಯೋ ತೆಳುವೋ ನೋಡೋ ಹಳೇ ಲ್ಯಾಕ್ಟೋಮೀಟರ್ ತೆಗೆದೆ. ಒಬ್ಬ ಅಕ್ಕನ ಹಾಲು 26 ತೋರಿಸಿತು, ಅಂದರೆ ತೆಳು. 'ನೀರು ಬೆರೆಸಿದ್ದೀಯಲ್ಲಮ್ಮ' ಅಂದುಬಿಟ್ಟೆ. ಆಕೆ ಸಿಟ್ಟಾಗಲಿಲ್ಲ. 'ಅಣ್ಣಾ, ಈಗ ತಾನೇ ಕರೆದು ತಂದಿದ್ದೀನಿ, ಇನ್ನೂ ಬಿಸಿ ಇದೆ. ಆರಲಿ, ಆಮೇಲೆ ಹಾಕಿ ನೋಡು' ಅಂದರು. ಆರಿದ ಮೇಲೆ 28! ಬಿಸಿ ಹಾಲು ತೆಳು, ಅದರಲ್ಲಿ ಮೀಟರ್ ಜಾಸ್ತಿ ಮುಳುಗುತ್ತದೆ. ಹಾಲು ಎಷ್ಟು ಬಿಸಿ ಇದ್ದಾಗ ಅಳತೆ ಸರಿ ಅಂತ ಮೀಟರ್ ಮೇಲೇ 27 ಡಿಗ್ರಿ ಸೆಲ್ಸಿಯಸ್ ಎಂದು ಬರೆದಿತ್ತು, ಇಷ್ಟು ವರ್ಷ ನಾನು ಓದಿರಲಿಲ್ಲ. ಹಿಂದೆ ಎಷ್ಟು ಜನರನ್ನು ಹೀಗೆ ಬೈದಿದ್ದೆನೋ. ಎಲ್ಲರೆದುರೇ ತಪ್ಪಾಯ್ತು ಅಂದೆ. ಮಾರನೇ ದಿನವೇ ಥರ್ಮಾಮೀಟರ್ ತಂದೆ. ಸಾಲಲ್ಲಿ ಬಾಯಿ ಬಿಟ್ಟು ಪ್ರಶ್ನೆ ಕೇಳೋದು ಶುರುವಾಗಿದ್ದು ಅವತ್ತಿನಿಂದ.

ಕಳೆದ ಬೇಸಿಗೆಯಲ್ಲಿ ವಾಪಸ್ ಬಂದಿದ್ದು ಒಂದೇ ಕ್ಯಾನ್, ಅದೂ ಗಾಡಿ ಕೆಟ್ಟು ತಡವಾದ ದಿನ. ಈ ಶನಿವಾರದ ಪಾಠ ಆ ಅಕ್ಕನದೇ. ಹೆಬ್ಬೆರಳು ಮಡಚದೆ ಹಾಲು ಕರೆಯೋದು ಹೇಗೆ ಅಂತ ರಬ್ಬರ್ ಗ್ಲೌಸಿಗೆ ನೀರು ತುಂಬಿ ತೋರಿಸ್ತಾರಂತೆ. ಗ್ಲೌಸ್ ತರೋ ಕೆಲಸ ನನಗೆ ಹೇಳಿದ್ದಾರೆ.