ಚೆಟ್ಟಿನಾಡಿನ ಹಳೇ ಬಂಗಲೆಯಲ್ಲಿ ವೀಕೆಂಡ್: ಬುಕ್ ಮಾಡೋ ಮೊದಲು

ತಮಿಳುನಾಡಿನ ಕಾರೈಕುಡಿ, ಕಾನಾಡುಕಾತ್ತಾನ್ ಕಡೆಯ ಹೆರಿಟೇಜ್ ಹೋಟೆಲ್‌ಗಳಿಗೆ ಹೋಗೋರು ಫೋಟೋದಲ್ಲಿರೋ ತೇಗದ ಕಂಬ ನೋಡಿ ದುಡ್ಡು ಕಟ್ಟಬೇಡಿ. ನೀವು ಮಲಗೋದು ರೂಮಲ್ಲಿ, ಮನೆ ನಡುವಿನ ತೊಟ್ಟಿ ಅಂಗಳದಲ್ಲಲ್ಲ. ಈ ಮನೆಗಳಲ್ಲಿ ತೊಟ್ಟಿ ಸುತ್ತಲಿನ ಎಷ್ಟೋ ಕೋಣೆಗಳು ಮೊದಲು ಸಾಮಾನು, ಒಡವೆ ಇಡೋಕೆ ಕಟ್ಟಿದ್ದವು. ಹಾಗಾಗಿ ಚಿಕ್ಕವು, ಕೆಲವಕ್ಕೆ ಹೊರಗಡೆ ಕಿಟಕಿಯೇ ಇರಲ್ಲ. ಕಿಟಕಿ ಎತ್ತ ಇದೆ, ಬಾತ್‌ರೂಮ್ ಒಳಗೇ ಇದೆಯಾ ಅಂತ ಫೋನಲ್ಲೇ ಕೇಳಿ, ವಾಟ್ಸಾಪಲ್ಲಿ ಈಗಿನ ಫೋಟೋ ತರಿಸಿಕೊಳ್ಳಿ.

ಮೊದಲ ಮಹಡಿಗೆ ಗಾಳಿ ಚೆನ್ನಾಗಿರುತ್ತೆ, ಆದರೆ ಮೆಟ್ಟಿಲು ಕಡಿದು, ಲಿಫ್ಟ್ ಸಾಮಾನ್ಯವಾಗಿ ಇರಲ್ಲ. ಮಂಡಿನೋವಿನ ಹಿರಿಯರಿದ್ದರೆ ನೆಲಮಹಡಿಯೇ ಸರಿ. ಅಲ್ಲೂ ಎತ್ತರದ ಹೊಸ್ತಿಲು ನೋಡಿಕೊಂಡು ದಾಟಬೇಕು. ನೆಲಕ್ಕೆ ಹಾಕಿರೋ ಆತ್ತಂಗುಡಿ ಟೈಲ್ಸ್ (ಅಲ್ಲೇ ಹತ್ತಿರದ ಆತ್ತಂಗುಡಿ ಊರಿನವು) ಗಾಜಿನ ಮೇಲೆ ಎರಕ ಹೊಯ್ದು ಮಾಡಿದ್ದು, ಮೇಲ್ಮೈ ನುಣುಪು. ಒದ್ದೆ ಕಾಲಲ್ಲಿ ನಡೆದರೆ ಜಾರೋದು ಗ್ಯಾರಂಟಿ, ಮಕ್ಕಳಿಗೆ ಹೇಳಿಡಿ.

ಕರೆಂಟ್ ಹೋದಾಗ ಜನರೇಟರ್‌ಗೆ ಎಸಿ ಓಡುತ್ತಾ, ಬರೀ ಫ್ಯಾನಾ? ಏಪ್ರಿಲ್-ಮೇನಲ್ಲಿ ಇದೇ ಮುಖ್ಯ ಪ್ರಶ್ನೆ. ನಿಜ ಹೇಳಬೇಕಂದ್ರೆ ಡಿಸೆಂಬರ್‌ನಿಂದ ಫೆಬ್ರವರಿಯೇ ವಾಸಿ.

ಊಟ ಬೆಳಿಗ್ಗೆಯೇ ಹೇಳಿಬಿಡಿ. ಹಳ್ಳಿಯಲ್ಲಿ ಮಾಂಸ, ಮೀನು ಆರ್ಡರ್ ನೋಡಿ ತರಿಸ್ತಾರೆ. ರಾತ್ರಿ ಎಂಟಕ್ಕೆ ಕೇಳಿದರೆ ಇದ್ದದ್ದೇ ಗತಿ. ಒಂದು ರೂಮಿನ ಬಾಡಿಗೆ ದಿನಕ್ಕೆ ₹7,500 ದಾಟಿದರೆ ಜಿಎಸ್‌ಟಿ 5% ಅಲ್ಲ, 18%. ಡ್ರೈವರ್ ಇದ್ದರೆ ಅವರ ಮಲಗೋ ಜಾಗ, ಊಟ ಬಾಡಿಗೆಯಲ್ಲಿ ಸೇರಿದೆಯಾ ಅಂತ ಕೇಳಿ. ಆ ವಾರ ಅಲ್ಲೇ ಮದುವೆನೋ ಶೂಟಿಂಗೋ ಇದೆಯಾ ಅಂತಾನೂ.